ಹನ್ನೆರಡು ನಿಮಿಷದ ಬೆಳದಿಂಗಳು

ಜನವರಿ 20, 1989, ಶುಕ್ರವಾರ

ಮಸ್ಕಿ ಗುಡ್ಡ ಇವತ್ತೂ ಕೈಗೆ ಸಿಗಲಿಲ್ಲ. ಕ್ಯಾಮೆರಾದ ಕಣ್ಣು ತೆರೆದಿಟ್ಟು ಬೆಳದಿಂಗಳಲ್ಲಿ ನಾಲ್ಕು ಸಲ ಫೋಟೋ ತೆಗೆದೆ: ಐದು ನಿಮಿಷ, ಎಂಟು, ಹತ್ತು, ಹನ್ನೆರಡು. ಸಿಂಧನೂರಿಗೆ ವಾಪಸು ಬಂದವನೇ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ರೋಲು ತೊಳೆದೆ. ಹನ್ನೆರಡು ನಿಮಿಷದ್ದರಲ್ಲಿ ಮಾತ್ರ ಬಂಡೆಗಳು ಬಂಡೆಗಳಾಗಿ ಕಾಣುತ್ತವೆ, ಆದರೆ ಗಾಳಿಗೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಅಲುಗಿಬಿಟ್ಟಿದೆ.

ಹಟ ಬಿಡುವುದಿಲ್ಲ. ಹದಿನಾರು ವರ್ಷ ಮದುವೆ, ಬಸುರಿಯರ ಕುಬುಸ, ಅರ್ಜಿಯ ಫೋಟೋ ತೆಗೆದು ತೆಗೆದು ಮನುಷ್ಯರ ಮುಖ ಸಾಕಾಗಿದೆ. ಬೆಳದಿಂಗಳ ಫೋಟೋದಲ್ಲಿ ನನಗೆ ಹಿಡಿಸಿದ್ದೇ ಮನುಷ್ಯರು ಇಲ್ಲದಿರುವುದು. ಹೋದ ತಿಂಗಳು ಎತ್ತಿನ ಬಂಡಿಯೊಂದು ಕ್ಯಾಮೆರಾದ ಎದುರಿಗೇ ಹಾದುಹೋಗಿತ್ತು, ನೆಗೆಟಿವಿನಲ್ಲಿ ಅದರ ಸುಳಿವೇ ಇಲ್ಲ. ಅಷ್ಟು ಹೊತ್ತು ತೆರೆದಿಟ್ಟ ಕಣ್ಣಿಗೆ ಚಲಿಸುವವರು ಬೀಳುವುದಿಲ್ಲ. ನೆಲ, ಕಲ್ಲು, ನೀರು, ಇಷ್ಟೇ ಉಳಿಯುತ್ತದೆ.

ಜನವರಿ 22, ರವಿವಾರ

ಸಿಕ್ಕಿತು ಅನಿಸುತ್ತದೆ.

ಜವಳಗೇರಾದ ರಸ್ತೆಯ ಮೇಲೆ ಲೂನಾ ಗಾಡಿ ನಿಲ್ಲಿಸಿ, ಕೆನಾಲಿನ ಏರಿ ಹಿಡಿದು ಒಂದು ಮೈಲಿ ನಡೆದೆ. ತೂಬಿನ ಕೆಳಗಿನ ಗದ್ದೆಗಳನ್ನೆಲ್ಲ ರಾಡಿ ಮಾಡಿ ನೀರು ನಿಲ್ಲಿಸಿದ್ದಾರೆ. ಸಸಿ ಹಚ್ಚುವುದು ನಾಳೆ ನಾಡಿದ್ದರಿಂದ ಇರಬೇಕು. ಎಂಟೂವರೆಗೆ ಚಂದ್ರ ಓರೆಯಾಗಿ ಬಿದ್ದು ಒಂದೊಂದು ಮಡಿಯೂ ಕನ್ನಡಿಯಂತಾಗಿತ್ತು. ಗದ್ದೆಗೆ ಇಳಿಯುವ ಕಾಲುಹಾದಿಯ ಬಾಯಿಯಲ್ಲೇ ಸ್ಟ್ಯಾಂಡು ಊರಿದೆ. ಯಾಶಿಕಾ ಕ್ಯಾಮೆರಾ ಇಟ್ಟು ಎರಡು ಸಲ ತೆಗೆದೆ, ಹನ್ನೆರಡು ಹನ್ನೆರಡು ನಿಮಿಷ. ಗಾಳಿ ಇರಲಿಲ್ಲ. ಸುತ್ತ ಯಾರೂ ಇರಲಿಲ್ಲ. ಅಂಥ ಶಾಂತಿಯನ್ನು ನಾನು ಕಂಡಿಲ್ಲ.

ಜನವರಿ 24, ಮಂಗಳವಾರ

ಎರಡನೆಯದು ಹಾಳು. ಮೊದಲನೆಯದು ಮಾತ್ರ ಹದಿನಾರು ವರ್ಷದಲ್ಲಿ ನಾನು ತೆಗೆದ ಎಲ್ಲದಕ್ಕಿಂತ ಮೇಲು. ನೀರು ಹಾಲಿನ ಹಾಗೆ, ಒಡ್ಡುಗಳು ಕಪ್ಪು ಗೆರೆಗಳ ಹಾಗೆ. ದೂರದಲ್ಲಿ ಕೆನಾಲಿನ ಅಂಚಿಗೆ ನಾಲ್ಕು ಬಿಳಿಗಲ್ಲು. ತೆಗೆಯುವಾಗ ಅವನ್ನು ನಾನು ಗಮನಿಸಿರಲೇ ಇಲ್ಲ. ಗಡಿಗೆ ನೆಟ್ಟದ್ದಿರಬೇಕು. ಅವಿಲ್ಲದಿದ್ದರೆ ಚಿತ್ರ ಬರಿದಾಗುತ್ತಿತ್ತು.

ಹೆಂಡತಿ ಕಸ್ತೂರೆಮ್ಮ ಒದ್ದೆ ಪ್ರಿಂಟನ್ನೇ ಬೆಳಕಿಗೆ ಹಿಡಿದು ನೋಡಿದಳು.

“ಇವೇನ್ರಿ, ಮಂದಿ ನಿಂತಂಗ ಕಾಣ್ತಾವಲ್ಲ?”

“ಹನ್ನೆರಡು ನಿಮಿಷ ಅಲುಗಾಡದಂಗ ಯಾರು ನಿಂತಾರು?” ಎಂದು ನಕ್ಕೆ.

“ಅದೂ ಖರೇನ,” ಎಂದು ಪ್ರಿಂಟು ತಂತಿಗೆ ಸಿಕ್ಕಿಸಿದಳು.

ಆಗಸ್ಟ್ 16, ಬುಧವಾರ

ನಿನ್ನೆ ಲಿಂಗಸುಗೂರಿನಲ್ಲಿ ಛಾಯಾಗ್ರಾಹಕರ ಬಳಗದವರ ಪ್ರದರ್ಶನ. ನನ್ನ ಫೋಟೋಕ್ಕೆ ಮೊದಲನೇ ಬಹುಮಾನ! ‘ಬೆಳದಿಂಗಳ ಕಾವಲು’ ಎಂದು ಹೆಸರು ಕೊಟ್ಟಿದ್ದೆ. ಕಲಬುರ್ಗಿಯಿಂದ ಬಂದ ತೀರ್ಪುಗಾರರು ಮೈಕಿನ ಮುಂದೆ, “ಆ ನಾಲ್ಕು ಕಲ್ಲುಗಳು ಇಡೀ ಬಯಲನ್ನು ಕಾಯುತ್ತಿವೆ” ಎಂದರು. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಹಿತ್ತಾಳೆಯ ಫಲಕ ಕೊಟ್ಟರು. ಸಿಂಧನೂರಿನ ಬಸ್ಸು ಇಳಿಯುವ ತನಕ ಶಾಲು ತೆಗೆಯಲಿಲ್ಲ. ಸೆಖೆಗೆ ಬೆನ್ನೆಲ್ಲ ತೊಯ್ದಿತ್ತು.

ಇಂದು ಆ ಫೋಟೋವನ್ನು ಎರಡಡಿಗೆ ದೊಡ್ಡದು ಮಾಡಿ ಸ್ಟುಡಿಯೋದ ಮುಂಗಾಜಿನಲ್ಲಿ ತೂಗುಹಾಕಿದೆ.

ಆಗಸ್ಟ್ 29, ಮಂಗಳವಾರ

ಗೊಬ್ಬರದ ವ್ಯಾಪಾರಿ ಯಮನೂರಪ್ಪ ಸಾವಕಾರರು ಖುದ್ದು ಸ್ಟುಡಿಯೋಕ್ಕೆ ಬಂದಿದ್ದರು. ಬರುವ ವರ್ಷದ ಅವರ ಅಂಗಡಿಯ ಕ್ಯಾಲೆಂಡರಿಗೆ ಇದೇ ಫೋಟೋ ಬೇಕಂತೆ, ನೀಲಿ ಬಣ್ಣದಲ್ಲಿ. ಎರಡು ಸಾವಿರ ಪ್ರತಿ. ಜವಳಗೇರಾ, ಬಳಗಾನೂರು, ಪಾಮನಕಲ್ಲೂರು, ಅವರ ಗೊಬ್ಬರ ಹೋಗುವ ಊರಿನ ಮನೆಮನೆಗೂ. ಕೆಳಗೆ ನನ್ನ ಹೆಸರು. ಹೂಂ ಎನ್ನಲು ಒಂದು ಗಳಿಗೆ ಹಿಡಿಯಲಿಲ್ಲ.

ಸೆಪ್ಟೆಂಬರ್ 11, ಸೋಮವಾರ

ಇವತ್ತು ನಡೆದದ್ದನ್ನು ಬರೆದಿಡಬೇಕು, ಇಲ್ಲವಾದರೆ ನಾಳೆಗೆ ನನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೇನೆ.

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು, ನಲವತ್ತರ ಆಸುಪಾಸು. ವಿಧವಾ ವೇತನದ ಅರ್ಜಿಗೆ ಫೋಟೋ ಬೇಕಿತ್ತು. ಹೆಸರು ಬರೆದುಕೊಂಡೆ, ಹುಸೇನಮ್ಮ. ಒಳಗೆ ಬರುವ ಬದಲು ಮುಂಗಾಜಿನ ಎದುರಿಗೇ ನಿಂತುಬಿಟ್ಟಳು.

“ಇದು ನಮ್ಮೂರ ತೂಬಿನ ಹೊಲ ಅಲ್ಲೇನ್ರಿ ಅಣ್ಣಾರ?”

ನನಗೆ ಖುಷಿಯಾಯಿತು. “ಜವಳಗೇರಾದಾಕಿ ಏನವ್ವ ನೀನು? ಭಲೇ ಗುರುತು ಹಿಡದಿ. ಈ ನಾಕು ಕಲ್ಲು ಅದಾವ ನೋಡು, ಬಹುಮಾನ ಬಂದದ್ದು ಇವಕ್ಕ.”

ಅವಳು ಸೆರಗು ಹಣೆಯ ಮೇಲಕ್ಕೆ ಎಳೆದುಕೊಂಡಳು.

“ಮೂರು ಕಾಲಿಂದು ಊರಿಕೊಂಡು ಹಾದ್ಯಾಗ ನಿಂತಿದ್ದವರು ನೀವೇನ್ರಿ?”

“ಹೌದು. ಬನದ ಹುಣ್ಣಿಮಿ ಮರುದಿನ. ಯಾಕ?”

“ಅವು ಕಲ್ಲಲ್ರಿ,” ಎಂದಳು. “ಈ ಗಿಡ್ಡದ್ದು ನಾನು.”

ಅವಳೇ ಹೇಳಿದಳು, ನನ್ನನ್ನು ನೋಡದೆ, ಗಾಜಿಗೆ ಹೇಳುವವಳ ಹಾಗೆ.

“ನಾವು ಹೆಣ್ಮಕ್ಕಳು ಹೊರಕಡಿಗೆ ಹೋಗೋ ಜಾಗ ಅದು. ಗಂಡಸು ಬಂದ ಅಂದ್ರ ಎದ್ದು ನಿಂದರಬೇಕಲ್ರಿ, ಎದ್ದು ಮಕ ತಿರುವಿ ನಿಂತಿವಿ. ಹೋಗ್ತಾನ ಹೋಗ್ತಾನ ಅಂತ ಕಾದ್ವಿ, ನೀವು ಹೋಗ್ಲಿಲ್ಲ. ಊರಿಗೆ ಹೋಗಾಕ ನೀವು ನಿಂತದ್ದೊಂದ ಹಾದಿ. ಆಕಡಿ ಕೆನಾಲು, ಈಕಡಿ ಮೊಣಕಾಲುಮಟ ರಾಡಿ. ಇಮಾಮ್‌ಬೀ ಹಡೆದು ಹದಿನೈದು ದಿನ ಆಗಿತ್ತು. ನಿಂದ್ರಾಕ ಆಗವಲ್ದು ಅಂತ ನನ್ನ ಹೆಗಲು ಹಿಡಕೊಂಡಿದ್ಲು. ಅದಕ್ಕ ನೋಡ್ರಿ, ಇವೆರಡು ಕೂಡಿಕೊಂಡಾವ.”

ಎರಡು ಕಲ್ಲುಗಳ ತಲೆ ಒಂದಕ್ಕೊಂದು ತಾಗಿರುವುದನ್ನು ನಾನು ಮೊದಲೇ ಕಂಡಿದ್ದೆ. ಲಿಂಗಸುಗೂರಿನಲ್ಲಿ ತೀರ್ಪುಗಾರರು ಅದನ್ನೇ ಬೆರಳಿಟ್ಟು ತೋರಿಸಿದ್ದರು.

“ಅವತ್ತಿನಿಂದ ಅಂಜಿ ಆ ಕಡಿ ಹೋಗೋದು ಬಿಟ್ಟಿವ್ರಿ. ಕೆನಾಲ್ ದಾಟಿ ಜಾಲಿಗಿಡದಾಗ ಹೊಂಟ್ವಿ. ದಾಟಾಕ ಒಂದು ಸಿಮೆಂಟಿನ ಕಂಬ ಅಡ್ಡ ಹಾಕ್ಯಾರ, ಅಷ್ಟ. ಶಿವರಾತ್ರಿ ಮುಂದ ಬಸ್ಸಮ್ಮ ಅದರ ಮ್ಯಾಲಿಂದ ಜಾರಿ ಬಿದ್ಲು. ತೊಡಿ ಎಲುಬು ಮುರೀತು. ಈ ಕಡಿ ತುದಿಗೆ ನಿಂತಾಳ ನೋಡ್ರಿ, ಎತ್ತರದಾಕಿ. ನಾಟಿ ಹಚ್ಚೋದ್ರಾಗ ನಮಗೆಲ್ಲ ಮುಂದಾಳು ಆಕಿನ ಇದ್ಲು. ಈಗ ಬಡಗಿ ಕೋಲು ಹಿಡಕೊಂಡು ಅಂಗಳಕ್ಕ ಬರ್ತಾಳ.”

“ಒಳಗ ಬಾರವ್ವ,” ಎಂದೆ. “ಕೂಡು. ಫೋಟೋ ತೆಗೀತೀನಿ.”

“ಬ್ಯಾಡ್ರಿ. ಬ್ಯಾರೆದವರ ಕಡೆ ತೆಗಸ್ತೀನಿ.”

ಹೋಗಿಬಿಟ್ಟಳು.

ಸೆಪ್ಟೆಂಬರ್ 12, ಮಂಗಳವಾರ

ಸ್ಟುಡಿಯೋ ತೆರೆಯಲಿಲ್ಲ. ಜ್ವರ ಎಂದೆ. ಜ್ವರ ಇಲ್ಲ.

ಸೆಪ್ಟೆಂಬರ್ 15, ಶುಕ್ರವಾರ

ಜನವರಿಯ ಪುಟ ತಿರುವಿ ನೋಡಿದೆ. ‘ಸುತ್ತ ಯಾರೂ ಇರಲಿಲ್ಲ’ ಎಂದು ಬರೆದಿದ್ದೇನೆ.

ಬಳೆಯ ಸದ್ದು ಕೇಳಿತ್ತು.

ಮೊದಲ ಫೋಟೋಕ್ಕೆ ಕ್ಯಾಮೆರಾ ತೆರೆದು ಮೂರೋ ನಾಲ್ಕೋ ನಿಮಿಷವಾಗಿತ್ತು. ಒಂದು ಸಲ ಬಳೆ, ಆಮೇಲೆ ಯಾರೋ ಸಣ್ಣಗೆ ನರಳಿದ ಹಾಗೆ. ಆ ಕಡೆ ಹೆಂಗಸರಿದ್ದಾರೆ ಎಂದು ನನಗೆ ಗೊತ್ತಾಯಿತು. ಹಳ್ಳಿಯಲ್ಲಿ ಹುಟ್ಟಿದವನು ನಾನು, ಆ ಹೊತ್ತಿನಲ್ಲಿ ಹೆಂಗಸರು ಏರಿಯ ಮೇಲೆ ಯಾಕಿರುತ್ತಾರೆ ಎಂಬುದೂ ಗೊತ್ತಿತ್ತು. ಈಗ ಹೋದರೆ ಫ್ರೇಮು ಹಾಳಾಗುತ್ತದೆ ಎಂದುಕೊಂಡು ಗಡಿಯಾರ ನೋಡುತ್ತ ನಿಂತೆ. ಅದು ಮುಗಿದ ಮೇಲೆ ಇನ್ನೊಂದು ತೆಗೆದೆ.

ಯಾರೂ ಓದದ ಪುಸ್ತಕದಲ್ಲಿಯೂ ಸುಳ್ಳು ಬರೆದಿದ್ದೇನೆ. ಯಾರಿಗೆ ಹೆದರಿ ಬರೆದೆನೋ ತಿಳಿಯದು.

ಮುಂಗಾಜಿನಿಂದ ಫೋಟೋ ತೆಗೆದು ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಕೇಳಿದವರಿಗೆಲ್ಲ ಬಿಸಿಲಿಗೆ ಬಣ್ಣ ಹೋಗುತ್ತದೆ ಎನ್ನುತ್ತೇನೆ. ಕಪ್ಪು ಬಿಳುಪಿನ ಫೋಟೋ!

ಅಕ್ಟೋಬರ್ 3, ಮಂಗಳವಾರ

ಯಮನೂರಪ್ಪ ಸಾವಕಾರರು ನೆಗೆಟಿವಿಗೆ ಆಳು ಕಳಿಸಿದ್ದರು. ಕೊಟ್ಟೆ.

ಮುಖ ಕಾಣುವುದಿಲ್ಲ. ಬೆನ್ನಷ್ಟೇ ಇದೆ, ಅದೂ ಮಸುಕು. ನೋಡಿದವರೆಲ್ಲ ಕಲ್ಲೆಂದೇ ಅಂದಿದ್ದಾರೆ. ಕೊಟ್ಟ ಮಾತು ತಪ್ಪಿದರೆ ಊರಲ್ಲಿ ವ್ಯಾಪಾರ ಮಾಡುವುದು ಹೇಗೆ? ಇಷ್ಟೆಲ್ಲ ಕಾರಣ ಹುಡುಕಿ ಬರೆಯುತ್ತಿದ್ದೇನೆ. ಆಳು ಬಂದಾಗ ಒಂದೇ ಒಂದು ನೆನಪಾಗಿತ್ತು: ಕೆಳಗೆ ನನ್ನ ಹೆಸರು ಇರುತ್ತದೆ.

ಅಕ್ಟೋಬರ್ 14, ಶನಿವಾರ

ಶೀಗಿ ಹುಣ್ಣಿಮೆ. ಊಟವಾದ ಮೇಲೆ ಕಸ್ತೂರೆಮ್ಮ ಮಾಳಿಗೆಯ ಮೇಲೆ ಚಾಪೆ ಹಾಸಿದಳು.

“ಎರಡು ಹುಣ್ಣಿಮಿ ಆತು, ಕ್ಯಾಮೆರಾ ಮುಟ್ಟಿಲ್ಲ. ಆ ಪಟ ನೋಡಿದ್ರ ಗ್ವಾಡಿಗೆ ಮಕ ಮಾಡಿ ನಿಂತೈತಿ. ಏನಾಗೇತ್ರಿ?”

ಹೇಳಿದೆ. ಬಳೆಯ ಸದ್ದಿನದೂ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಚಾಪೆಯ ಎಳೆ ಕೀಳುತ್ತ ಕುಳಿತಳು.

“ತವರು ಪಾಮನಕಲ್ಲೂರಾಗ ಇದ್ದಾಗ ನಾವೂ ಹಂಗ ಎದ್ದು ನಿಂದರತಿದ್ವಿ,” ಎಂದಳು. “ಹುಣ್ಣಿಮಿ ಬಂತಂದ್ರ ಅವ್ವ ಸಂಜಿಮುಂದ ನಮಗ ನೀರು ಕುಡಿಯಾಕ ಬಿಡ್ತಿದ್ದಿಲ್ಲ. ಹಸಿವಿದ್ರೂ ಅರ್ಧ ರೊಟ್ಟಿ. ಬೆಳಕು ಬಾಳ ಇರತೈತಿ, ಹೋಗಾಕ ಆಗಂಗಿಲ್ಲ ಅಂತ. ನೀವು ಬೆಳದಿಂಗಳು ಚೆಂದ ಚೆಂದ ಅನ್ನೋ ಮುಂದೆಲ್ಲ ನನಗ ಅದ ನೆನಪಾಗತಿತ್ತು.”

“ಒಂದು ದಿನಾನೂ ಹೇಳಲಿಲ್ಲಲ್ಲ?”

“ಏನಂತ ಹೇಳ್ಲಿ?”

ಮದುವೆಯಾಗಿ ಹನ್ನೊಂದು ವರ್ಷ. ಕೆಳಗೆ ಇಳಿದು ಬರುವಾಗ ಅವಳಂದಳು, “ಆ ಕ್ಯಾಲೆಂಡರ್ ಜವಳಗೇರಾಕ್ಕೂ ಹೋಗತೈತಲ್ರಿ. ಆ ಹೆಣ್ಮಕ್ಕಳು ತಮ್ಮ ಗ್ವಾಡಿ ಮ್ಯಾಲೆ ವರ್ಷಗಟ್ಟಲೆ ಅದನ್ನ ನೋಡಬೇಕೇನು?”

ಅಕ್ಟೋಬರ್ 16, ಸೋಮವಾರ

ಸಾವಕಾರರ ಅಂಗಡಿಗೆ ಹೋದೆ. ಗದಗಿನ ಪ್ರೆಸ್ಸಿನಿಂದ ಪ್ರೂಫ್ ಬಂದಿತ್ತು, ಜೊತೆಗೆ ನೆಗೆಟಿವೂ. ನೀಲಿ ಬಣ್ಣದಲ್ಲಿ ಆ ನಾಲ್ವರು ಇನ್ನೂ ಎದ್ದು ಕಾಣುತ್ತಿದ್ದರು. ಗೊಬ್ಬರದ ಚೀಲಗಳ ಮೇಲೆ ಐದಾರು ಮಂದಿ ಕುಳಿತಿದ್ದರು, ಇಬ್ಬರು ಜವಳಗೇರಾದವರೇ.

“ನೋಡು ನರಸಣ್ಣ, ನಿನ್ನ ಹೆಸರು ಹೆಂಗ ಬಂದೈತಿ!”

“ಸಾವಕಾರ್ರ, ಇದು ಬ್ಯಾಡ್ರಿ. ಬ್ಯಾರೆ ಕೊಡ್ತೀನಿ, ಇದಕ್ಕಿಂತ ಚಲೋದು.”

“ಯಾಕ? ಇದಕ್ಕೇನಾಗೇತಿ?”

“ಇದು ಅಷ್ಟು ಸರಿ ಬಂದಿಲ್ರಿ.”

“ಬಹುಮಾನ ಬಂದದ್ದು ಸರಿ ಬಂದಿಲ್ಲಂತ ಕೇಳ್ರಪ!” ಎಂದು ಅವರು ಎಲ್ಲರನ್ನೂ ನೋಡಿ ನಕ್ಕರು. “ನಾಳೆ ಅಚ್ಚಿಗೆ ಹೇಳೀನಿ. ಕಾರಣ ಹೇಳು, ಇಲ್ಲಂದ್ರ ಸುಮ್ಮನ ಹೋಗು.”

ಕಾರಣ ಬಾಯಿಯ ತನಕ ಬಂತು. ಚೀಲಗಳ ಮೇಲೆ ಕುಳಿತವರ ಮುಖ ನೋಡಿದೆ. ನಾನು ಬಾಯಿ ಬಿಟ್ಟರೆ ಸಂಜೆಯೊಳಗೆ ಚಾದ ಅಂಗಡಿಗಳಲ್ಲೆಲ್ಲ ಅದೇ ಮಾತು. ಪ್ರೂಫ್ ಕೈಯಿಂದ ಕೈಗೆ ಹೋಗುತ್ತದೆ, ಇವಳು ಯಾರು, ಅವಳು ಯಾರು ಎಂದು ಬೆರಳಿಟ್ಟು ಎಣಿಸುತ್ತಾರೆ. ನನ್ನ ತಪ್ಪನ್ನು ಒಪ್ಪಿಕೊಳ್ಳಲು ಹೋಗಿ ಅವರನ್ನು ಇನ್ನೊಮ್ಮೆ ಬಯಲಿಗೆ ನಿಲ್ಲಿಸಿದಂತಾಗುತ್ತದೆ.

“ಇದು ನಂದಲ್ರಿ,” ಎಂದೆ. “ಕಳವಿಂದು.”

ಸಾವಕಾರರು ಪ್ರೂಫ್ ಕೆಳಗಿಟ್ಟರು.

“ಏನಂದಿ?”

“ಮತ್ತೊಬ್ಬರದು. ನನ್ನ ಹೆಸರು ಹಾಕ್ಕೊಂಡೆ. ಅವರು ಬಂದು ನೋಡಿ ಹೋಗ್ಯಾರ. ಅಚ್ಚು ಹಾಕಿದ್ರ ಕೋರ್ಟಿಗೆ ಹೋಗ್ತಾರ, ನಿಮ್ಮನ್ನೂ ಎಳೀತಾರ.”

ಸಾವಕಾರರು ಪ್ರೂಫನ್ನು ಮುದುಡಿ, ನೆಗೆಟಿವಿನ ಲಕೋಟೆ ನನ್ನ ಕಾಲ ಬಳಿ ಎಸೆದರು. “ಇಷ್ಟು ದಿನ ನಿನ್ನ ಮನಷ್ಯಾ ಅಂತ ತಿಳಕೊಂಡಿದ್ದೆ. ನಡಿ, ನಮ್ಮ ಅಂಗಡಿ ಕಟ್ಟಿ ಮ್ಯಾಲಿಂದ ಇಳಿ.”

ಬಾಗಿ ಎತ್ತಿಕೊಂಡೆ. ಎಲ್ಲರೂ ನೋಡುತ್ತಿದ್ದರು. ಹೇಳಿದ್ದರಲ್ಲಿ ಯಾವುದು ಸುಳ್ಳು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕೋರ್ಟಿನ ಮಾತೊಂದೇ ಸಿಕ್ಕಿತು.

ಅಕ್ಟೋಬರ್ 22, ರವಿವಾರ

ಸುದ್ದಿ ನನಗಿಂತ ಮೊದಲೇ ಲಿಂಗಸುಗೂರು ಮುಟ್ಟಿತ್ತು. ಬಳಗದ ಕಾರ್ಯದರ್ಶಿಗಳ ಮನೆಗೆ ಹೋಗಿ ಫಲಕ, ಶಾಲು ಒಪ್ಪಿಸಿದೆ. ಅವರು ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ಇಡು ಎಂದು ಬೆರಳು ತೋರಿಸಿದರು. ಅವರ ಸೊಸೆ ನೀರು ತಂದವಳು ಮಾವನ ಮುಖ ನೋಡಿ, ತಂಬಿಗೆ ಹಿಡಿದುಕೊಂಡೇ ತಿರುಗಿ ಹೋದಳು. ಪಾಪ, ಅವಳಿಗೆ ಹೆಜ್ಜೆ ಎಲ್ಲಿಡಬೇಕೋ ತಿಳಿಯದಂತಾಗಿತ್ತು.

ಬಸ್ಸಿನಲ್ಲಿ ನಿಂತೇ ಬಂದೆ. ಮಸ್ಕಿಯಲ್ಲಿ ಒಬ್ಬ ಮುದುಕಿ ಕುರಿಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದಳು. ಕಂಡಕ್ಟರ್ ಮರಿಗೂ ಟಿಕೆಟು ಎಂದ. ಅವಳು, “ನಿನಗಿಂತ ಸಣ್ಣದೈತಿ, ಬಿಡಪ” ಎಂದಳು. ಬಸ್ಸೆಲ್ಲ ನಕ್ಕಿತು. ಬಹಳ ದಿನದ ಮೇಲೆ ನಾನೂ ನಕ್ಕೆ. ಗುಡ್ಡ ಹಿಂದೆ ಬಿದ್ದದ್ದು ತಿಳಿಯಲಿಲ್ಲ.

ನವೆಂಬರ್ 5, ರವಿವಾರ

ಮದುವೆಗಳಿಗೆ ಬೇರೆಯವರನ್ನು ಗೊತ್ತು ಮಾಡಿಕೊಳ್ಳುತ್ತಿದ್ದಾರೆ. ಬಳಗಾನೂರಿನ ಒಂದು ಕುಬುಸ ಮಾತ್ರ ಉಳಿದಿತ್ತು. ಅವರಿಗೆ ಸುದ್ದಿ ಮುಟ್ಟಿಲ್ಲವೋ, ಮುಟ್ಟಿಯೂ ಸುಮ್ಮನಿದ್ದಾರೋ. ಹಿತ್ತಲಲ್ಲಿ ಅಡುಗೆಯ ಹೆಂಗಸರು ಸೆರಗು ಸಡಿಲಿಸಿ ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದರು. ಹೊಗೆಯೊಳಗೆ ಬಿಸಿಲು ಬಿದ್ದು ಬೆಳಕು ಬಹಳ ಚೆನ್ನಾಗಿತ್ತು. ಅವರು ನನ್ನನ್ನು ಇನ್ನೂ ನೋಡಿರಲಿಲ್ಲ. ತಿರುಗಿ ಅಂಗಳಕ್ಕೆ ಬಂದೆ.

ಬಸುರಿ ಹುಡುಗಿಗೆ ನಗಲು ಬರುತ್ತಿರಲಿಲ್ಲ. “ಕಾಲು ಬ್ಯಾನಿ ಆಗಾಕತ್ತಾವೇನವ್ವ?” ಎಂದು ಕೇಳಿದೆ. ಹೂಂ ಎಂದಳು. ಕುರ್ಚಿ ತರಿಸಿ, ಕೂತ ಮೇಲೆ ತೆಗೆದೆ.

ನವೆಂಬರ್ 13, ಸೋಮವಾರ

ಎರಡು ತಿಂಗಳಿಂದ ಮುಂದೂಡುತ್ತ ಬಂದದ್ದನ್ನು ಇಂದು ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಜವಳಗೇರಾಕ್ಕೆ ಹೋಗಿ, ಏರಿ ಹಿಡಿದು ಅವರ ಕೇರಿಗೆ ನಡೆದೆ. ನೆಗೆಟಿವು, ಇದ್ದಬದ್ದ ಪ್ರಿಂಟುಗಳು, ಮುಂಗಾಜಿನ ದೊಡ್ಡದು, ಎಲ್ಲ ಒಂದು ಚೀಲದಲ್ಲಿ. ಭತ್ತ ಕೊಯ್ಲಿಗೆ ಬಂದಿತ್ತು.

ಬಸ್ಸಮ್ಮ ಅಂಗಳದಲ್ಲಿ ಕಾಲು ಚಾಚಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಅರವತ್ತು ದಾಟಿರಬೇಕು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕೂಡಿಕೊಂಡಿದೆ. ಹುಸೇನಮ್ಮ ಪಕ್ಕದ ಮನೆಯಿಂದ ಬಂದು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

“ಇವರ ನೋಡವ್ವ, ಮೂರು ಕಾಲಿನವರು,” ಎಂದಳು.

ಬಸ್ಸಮ್ಮ ಕೈ ನಿಲ್ಲಿಸಲಿಲ್ಲ. “ಕೂಡು,” ಎಂದಳು. ನೆಲದ ಮೇಲೆ ಕುಳಿತೆ.

ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟೆ. “ನನಗ ಗೊತ್ತಿತ್ತವ್ವ,” ಎಂದೆ. “ನೀವಿದ್ದದ್ದು ಗೊತ್ತಿತ್ತು. ಬಳಿ ಸಪ್ಪಳ ಕೇಳಿತ್ತು. ಕೇಳಿನೂ ನಿಂತೆ.”

ಈಗ ಅವಳ ಕೈ ನಿಂತಿತು. ಹುಸೇನಮ್ಮ ಬಾಗಿಲ ಚೌಕಟ್ಟಿಗೆ ಹಣೆ ಇಟ್ಟಳು. ಇದು ಅವಳಿಗೂ ಗೊತ್ತಿರಲಿಲ್ಲ.

“ಆ ಪಟ ಕದ್ದದ್ದಂತ ಸಿಂಧನೂರಾಗ ಮಂದಿ ಅನ್ನಾಕತ್ತಾರಂತ,” ಎಂದಳು ಬಸ್ಸಮ್ಮ. “ಗೊಬ್ಬರ ತರಾಕ ಹೋದವರು ಬಂದು ಹೇಳಿದ್ರು. ಯಾರ್ದು ಕದ್ದಿ ತಮ್ಮ?”

“ನಿಮ್ಮದವ್ವ.”

ಅವಳು ಚೀಲಕ್ಕೆ ಕೈ ಚಾಚಿದಳು. ದೊಡ್ಡ ಫೋಟೋ ಹೊರಗೆ ತೆಗೆದು ಮೊಣಕಾಲಿಗೆ ಆನಿಸಿ ಬಹಳ ಹೊತ್ತು ನೋಡಿದಳು. ಕೊನೆಯಲ್ಲಿ ನಿಂತ ತನ್ನ ಮೇಲೆ ಬೆರಳಿಟ್ಟಳು.

“ಎಷ್ಟು ನೆಟ್ಟಗ ನಿಂತೀನಿ ನೋಡ ಹುಸೇನಿ.”

ನನಗೆ ಎದ್ದು ಹೋಗಬೇಕು ಅನಿಸಿತು. ಕುಳಿತೇ ಇದ್ದೆ.

ಆಮೇಲೆ ಹುಸೇನಮ್ಮ ಎಲ್ಲವನ್ನೂ ನೀರೊಲೆಗೆ ಹಾಕಿದಳು. ನೆಗೆಟಿವು ಸುರುಳಿ ಸುತ್ತಿಕೊಂಡು ಒಂದು ಕ್ಷಣ ಕಂಟು ವಾಸನೆಯ ಹೊಗೆ ಎದ್ದಿತು. ಮೂವರೂ ಕೆಮ್ಮಿದೆವು.

“ತಪ್ಪಾತವ್ವ,” ಎಂದೆ.

“ಆತು,” ಎಂದಳು ಬಸ್ಸಮ್ಮ. ಹೋಗಲಿ ಬಿಡು ಎಂದು ಅನ್ನಲಿಲ್ಲ. ನಾನು ಅದನ್ನೇ ಕಾಯುತ್ತಿದ್ದೆ ಎಂಬುದು ಅವಳು ಅನ್ನದಿದ್ದಾಗ ತಿಳಿಯಿತು. ಕೋಲು ಊರಿ ಎದ್ದು, ಅಂಗಳದ ಅಂಚಿನ ತನಕ ಬಂದು ಬಯಲು ನೋಡಿದಳು.

“ಹೊತ್ತು ಮುಣುಗಾಕತ್ತೈತಿ. ನಮ್ಮ ಹೆಣ್ಮಕ್ಕಳು ಹೊರಕಡಿಗೆ ಹೋಗೋ ಹೊತ್ತು. ನೀ ಏರಿ ಮ್ಯಾಲೆ ಹೋಗೋ ಮುಂದ ಕೆಮ್ಮಿಕೋತ ಹೋಗು.”

ಒಂದು ಮೈಲಿ ದಾರಿ. ಹತ್ತು ಹೆಜ್ಜೆಗೊಮ್ಮೆ ಕೆಮ್ಮುತ್ತ, ಕಾಲ ಮುಂದಿನ ನೆಲ ಬಿಟ್ಟು ಎಲ್ಲಿಯೂ ನೋಡದೆ, ರಸ್ತೆಗೆ ಬಂದು ಬಸ್ಸು ಹತ್ತಿದೆ. ಮನೆ ಮುಟ್ಟುವಾಗ ಗಂಟಲು ಕಟ್ಟಿತ್ತು.

“ಥಂಡಿ ಹತ್ತಿತೇನ್ರಿ?” ಎಂದು ಕೇಳಿ ಕಸ್ತೂರೆಮ್ಮ ಬಿಸಿನೀರು ತಂದುಕೊಟ್ಟಳು. ಹೂಂ ಎಂದು ಕುಡಿದೆ.